ದಯೆಯ ಖರ್ಚು ಯಾರ ಖಾತೆಗೆ?

(ನಮ್ಮ ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



‘ಮನುಷ್ಯ ಮತ್ತು ಮೂಕಪ್ರಾಣಿ’ ಎಂಬ ವಿಷಯವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ಕೊಂಚ ಹಿಂಜರಿದೆವು. ತತ್ತ್ವಶಾಸ್ತ್ರ ನಮ್ಮ ಕಸುಬಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಜಮೆ-ಖರ್ಚು ಬರೆಯುವವರು ನಾವು. ಆದರೆ ಕಾರ್ಯದರ್ಶಿಗಳು ಬಿಡಲಿಲ್ಲ. ಒಪ್ಪಿಕೊಂಡು ಮನೆಗೆ ಹೋಗಿ ಯೋಚಿಸುವಾಗ ಹೊಳೆದದ್ದೇನೆಂದರೆ, ಈ ವಿಷಯದಲ್ಲಿ ನಾವು ಓದಿದ್ದು ಸ್ವಲ್ಪವೇ ಆದರೂ ಮಾಡಿದ ತಪ್ಪು ಒಂದುಂಟು. ಅದನ್ನು ಮುಚ್ಚಿಡದೆ ಹೇಳಿದರೆ ಕೇಳುವವರಿಗೆ ಉಪಯೋಗವಾದೀತು. ಆದುದರಿಂದ ಮೊದಲು ಆ ಸಂಗತಿ, ಆಮೇಲೆ ಶಾಸ್ತ್ರ.

ಮುಂಬಯಿಯಲ್ಲಿ ಕಟ್ಟಡವೆಂದ ಮೇಲೆ ಸೊಸೈಟಿ, ಸೊಸೈಟಿ ಎಂದ ಮೇಲೆ ಸಭೆ, ಸಭೆ ಎಂದ ಮೇಲೆ ಜಗಳ. ಇದು ತಮಗೆಲ್ಲ ತಿಳಿದ ಮಾತು. ನಾವಿರುವ ಕಟ್ಟಡದ ಗೇಟಿನ ಬಳಿ ಮೂರು ಬೀದಿನಾಯಿಗಳಿವೆ. ಕೆಲವರು ಅವಕ್ಕೆ ಬೆಳಿಗ್ಗೆ ಸಂಜೆ ರೊಟ್ಟಿ ಬಿಸ್ಕತ್ತು ಹಾಕುತ್ತಾರೆ. ಕೆಲವರು ಅವನ್ನು ಹಿಡಿದು ಒಯ್ಯಲಿ ಎನ್ನುತ್ತಾರೆ. ಹೀಗಿರಲು ಒಂದು ರಾತ್ರಿ ಅವುಗಳಲ್ಲೊಂದು ನಮ್ಮ ವಾಚ್‌ಮನ್‌ನ ಮೀನಖಂಡಕ್ಕೆ ಬಾಯಿ ಹಾಕಿತು. ಮರುದಿನ ಭಾನುವಾರ, ತುರ್ತು ಸಭೆ ಸೇರಿತು.

ಸಭೆ ಎರಡೂವರೆ ಗಂಟೆ ನಡೆಯಿತು. ಒಂದು ಪಕ್ಷದವರು, 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದಿಲ್ಲಿಯ ಸುತ್ತಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಲ್ಲಿ ಇಡಬೇಕೆಂದು ಆಜ್ಞೆ ಮಾಡಿದ್ದನ್ನು ಎತ್ತಿ ಹೇಳಿದರು. ಇನ್ನೊಂದು ಪಕ್ಷದವರು, ಅದೇ ನ್ಯಾಯಾಲಯದ ದೊಡ್ಡ ಪೀಠ ಆಗಸ್ಟ್ 22ರಂದು ಆ ಆಜ್ಞೆಯನ್ನು ತಿದ್ದಿ, ಹುಚ್ಚುರೋಗದವು ಹಾಗೂ ಮೇಲೆ ಬೀಳುವ ಸ್ವಭಾವದವು ಹೊರತು ಉಳಿದವನ್ನು ಸಂತಾನಹರಣ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ಬಿಡಬೇಕೆಂದದ್ದನ್ನು ಓದಿದರು. ಒಬ್ಬರು ‘ಮನುಷ್ಯನ ಪ್ರಾಣ ದೊಡ್ಡದೋ ನಾಯಿಯದೋ?’ ಎಂದು ಗದರಿದರೆ, ಇನ್ನೊಬ್ಬರು ‘ಮೂಕಪ್ರಾಣಿಯ ಶಾಪ ತಟ್ಟದಿರದು’ ಎಂದು ಕಣ್ಣೊರಸಿಕೊಂಡರು. ತೀರ್ಮಾನ ಯಾವುದೂ ಆಗಲಿಲ್ಲ. ಇದರಲ್ಲಿ ಗಮನಿಸತಕ್ಕದ್ದು ಒಂದಿದೆ. ಆ ಎರಡೂವರೆ ಗಂಟೆಯಲ್ಲಿ ವಾಚ್‌ಮನ್‌ನ ಕಾಲಿನ ಮಾತು ಹತ್ತು ಸಲ ಬಂದಿತು. ಆದರೆ ವಾದಕ್ಕೆ ಸಾಕ್ಷಿಯಾಗಿ ಮಾತ್ರ ಬಂದಿತು. ಆ ಕಾಲು ಈಗ ಹೇಗಿದೆ ಎಂದು ಯಾರೂ ಕೇಳಲಿಲ್ಲ. ಅವನು ಆಗಲೂ ಗೇಟಿನಲ್ಲೇ ನಿಂತಿದ್ದ.

ನಾವೂ ಕೇಳಲಿಲ್ಲ. ಅಷ್ಟೇ ಆಗಿದ್ದರೆ ಇಲ್ಲಿ ಹೇಳುವ ಪ್ರಮೇಯವಿರಲಿಲ್ಲ. ಆ ವರ್ಷ ಸೊಸೈಟಿಯ ಖಜಾಂಚಿಗಿರಿ ನಮ್ಮ ಕೊರಳಿಗೆ ಬಿದ್ದಿತ್ತು. ನಾಯಿ ಕಚ್ಚಿದವನು ಮೊದಲು ಗಾಯವನ್ನು ಸಾಬೂನು ನೀರಿನಿಂದ ಕಾಲು ಗಂಟೆ ತೊಳೆಯಬೇಕು. ಆಮೇಲೆ ಮೊದಲ ದಿನ, ಮೂರನೆಯ ದಿನ, ಏಳನೆಯ ದಿನ, ಹೀಗೆ ತಿಂಗಳವರೆಗೆ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ರೋಗ ತಲೆದೋರಿದ ಮೇಲೆ ಮದ್ದಿಲ್ಲ. ಆದುದರಿಂದ ಒಂದು ಸರದಿಯನ್ನೂ ತಪ್ಪಿಸುವಂತಿಲ್ಲ. ಅದಕ್ಕಾಗಿ ಅವನು ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತ. ನಾಲ್ಕು ದಿನ ಕೆಲಸಕ್ಕೆ ಬರಲಾಗಲಿಲ್ಲ. ತಿಂಗಳ ಕೊನೆಗೆ ಹಾಜರಿ ಪುಸ್ತಕ ನೋಡಿ ನಾಲ್ಕು ದಿನದ ಸಂಬಳ ಮುರಿದುಕೊಂಡು ಸಹಿ ಹಾಕಿದವರು ನಾವೇ. ಲೆಕ್ಕ ಪೈಸೆಗೆ ಪೈಸೆ ಸರಿಯಾಗಿತ್ತು.

ಅವನು ಹಣ ಎಣಿಸಿಕೊಂಡ. ಜಗಳ ಮಾಡಲಿಲ್ಲ. ಇಷ್ಟು ದಿನ ಅವನೊಡನೆ ಹಿಂದಿಯಲ್ಲೇ ಮಾತಾಡುತ್ತಿದ್ದ ನಮಗೆ ಅವನು ಅಫಜಲಪುರದ ಕಡೆಯವನೆಂದು ತಿಳಿದದ್ದೇ ಆಗ. ಏಕೆಂದರೆ ಅವನು ಕನ್ನಡದಲ್ಲಿ ಮಾತಾಡಿದ. “ಸಾಹೇಬ್ರ, ನಮ್ಮೂರಾಗ ಎತ್ತಿನ ಕಾಲಿಗಿ ಗಾಯ ಆದ್ರ ಗಳೇ ಹೂಡಂಗಿಲ್ರಿ. ಆದ್ರ ಮೇವು ತಪ್ಪಸಂಗಿಲ್ಲ.” ಇಷ್ಟು ಹೇಳಿ ಗೇಟಿನ ಕಡೆಗೆ ಹೊರಟುಹೋದ. ಚುಚ್ಚಿ ಆಡಿದ ಮಾತಲ್ಲ ಅದು. ಊರಿನ ಕಟ್ಟಳೆಯೊಂದು ನೆನಪಾಗಿ ಹೇಳಿದ, ಅಷ್ಟೆ. ಆದರೆ ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ.

ಮಹನೀಯರೇ, ಇನ್ನು ಶಾಸ್ತ್ರದ ಮಾತು. ಮನುಷ್ಯನನ್ನು ಒಂದು ರೀತಿಯಾಗಿ, ಪ್ರಾಣಿಯನ್ನು ಇನ್ನೊಂದು ರೀತಿಯಾಗಿ ಕಾಣುವುದು ನ್ಯಾಯವೇ? ಇದು ಹಳೆಯ ಪ್ರಶ್ನೆ. ಫ್ರಾನ್ಸಿನ ದೆಕಾರ್ತನು ಹದಿನೇಳನೆಯ ಶತಮಾನದಲ್ಲಿ, ಪ್ರಾಣಿಗಳು ಗಡಿಯಾರದಂತಹ ಯಂತ್ರಗಳೆಂದು ಬಗೆದನು. ಜರ್ಮನಿಯ ಕಾಂಟನು ಅಷ್ಟು ದೂರ ಹೋಗಲಿಲ್ಲ. ನಮಗೆ ನೇರವಾದ ಕರ್ತವ್ಯವಿರುವುದು ಮನುಷ್ಯರಿಗೆ ಮಾತ್ರ; ಆದರೂ ಪ್ರಾಣಿಗೆ ಕ್ರೂರನಾದವನ ಎದೆ ಕ್ರಮೇಣ ಮನುಷ್ಯರ ವಿಷಯದಲ್ಲಿಯೂ ಕಲ್ಲಾಗುತ್ತದೆ, ಆದುದರಿಂದ ಕ್ರೌರ್ಯ ಕೂಡದು ಎಂದನು. ಇಂಗ್ಲೆಂಡಿನ ಬೆಂಥಮನು 1789ರಲ್ಲಿ ಪ್ರಕಟವಾದ ತನ್ನ ಗ್ರಂಥದ ಒಂದು ಅಡಿಟಿಪ್ಪಣಿಯಲ್ಲಿ ಇಡೀ ವಾದವನ್ನೇ ತಿರುಗಿಸಿಬಿಟ್ಟನು. ಪ್ರಾಣಿ ಯೋಚಿಸಬಲ್ಲುದೇ, ಮಾತಾಡಬಲ್ಲುದೇ ಎಂಬುದಲ್ಲ. ಅದಕ್ಕೆ ನೋವಾಗುವುದೇ ಎಂಬುದೊಂದೇ ಇಲ್ಲಿ ಕೇಳತಕ್ಕ ಪ್ರಶ್ನೆ ಎಂಬುದು ಅವನ ಅಭಿಪ್ರಾಯದ ಸಾರ. ಅದೇ ಜಾಡಿನಲ್ಲಿ ಆಸ್ಟ್ರೇಲಿಯದ ಪೀಟರ್ ಸಿಂಗರ್ ಅವರು 1975ರಲ್ಲಿ ಪುಸ್ತಕವೊಂದನ್ನು ಬರೆದು, ತೊಗಲಿನ ಬಣ್ಣ ನೋಡಿ ಭೇದ ಮಾಡುವುದು ತಪ್ಪಾದರೆ, ಹುಟ್ಟಿದ ಜಾತಿ ನಾಯಿಯೋ ನರನೋ ಎಂದಷ್ಟೇ ನೋಡಿ ನೋವನ್ನು ಅಲಕ್ಷಿಸುವುದೂ ತಪ್ಪೇ ಎಂದು ವಾದಿಸಿದರು.

ನಮ್ಮವರು ಇದನ್ನು ಬೇರೆ ಕಡೆಯಿಂದ ನೋಡಿದರು. ಜನ್ನನು 1209ರಲ್ಲಿ ಬರೆದ ‘ಯಶೋಧರ ಚರಿತೆ’ಯ ಕಥೆಯನ್ನು ತಾವು ಬಲ್ಲಿರಿ. ಅರಸನು ತಾಯಿಯ ಮಾತಿಗೆ ಕಟ್ಟುಬಿದ್ದು ಜೀವದ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ರಕ್ತ ಒಂದು ಹನಿಯೂ ಬೀಳಲಿಲ್ಲ. ಆದರೂ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನೋವುಣ್ಣುತ್ತಾರೆ. ಏಕೆಂದರೆ ಕೊಲ್ಲುವ ಸಂಕಲ್ಪವೇ ಹಿಂಸೆ. ಬೆಂಥಮನು ನೋವನ್ನು ನೋಡಿದರೆ ಜನ್ನನ ಕಾವ್ಯ ಸಂಕಲ್ಪವನ್ನು ನೋಡಿತು.

ಈ ಎರಡು ಅಳತೆಗೋಲುಗಳನ್ನೂ ನಮ್ಮ ಗೇಟಿಗೆ ತಂದು ಹಿಡಿದರೆ ಏನಾಗುತ್ತದೆ? ರೊಟ್ಟಿ ಹಾಕಿದವರ ಸಂಕಲ್ಪ ಶುದ್ಧವಾಗಿತ್ತು. ಸಂಬಳ ಮುರಿದ ನಮಗೂ ಯಾರನ್ನಾದರೂ ನೋಯಿಸಬೇಕೆಂಬ ಬಯಕೆ ಇರಲಿಲ್ಲ. ಆದರೂ ಒಬ್ಬನ ಕಾಲು ಹರಿಯಿತು, ಅವನ ಮನೆಯ ನಾಲ್ಕು ದಿನದ ಅನ್ನ ಹೋಯಿತು. ಸಂಕಲ್ಪ ಶುದ್ಧವಾಗಿದ್ದರೆ ಸಾಲದು. ನಮ್ಮ ಒಳ್ಳೆಯತನದ ಖರ್ಚು ಯಾರ ಖಾತೆಗೆ ಬಿದ್ದಿತೆಂದು ನೋಡಬೇಕು. ನಾಯಿಯ ಮೇಲಿನ ದಯೆ ನಮ್ಮದು, ಹಲ್ಲಿನ ಗುರುತು ವಾಚ್‌ಮನ್‌ನದು. ಜಮೆ ಒಬ್ಬನ ಹೆಸರಿಗೆ, ಖರ್ಚು ಇನ್ನೊಬ್ಬನ ಹೆಸರಿಗೆ. ಬ್ಯಾಂಕಿನಲ್ಲಿ ಹೀಗೆ ಬರೆದರೆ ನೌಕರಿ ಹೋಗುತ್ತದೆ.

ಹಾಗೆಂದು ನಾಯಿಯನ್ನು ಹೊಡೆದೋಡಿಸಿ ಎಂಬ ಪಕ್ಷ ಗೆದ್ದಿತೆಂದು ತಿಳಿಯಬಾರದು. ಆ ಜಗಳ ಈ ಊರಿಗೆ ಹೊಸದಲ್ಲ. 1832ರ ಜೂನಿನಲ್ಲಿ ಕಂಪನಿ ಸರಕಾರದವರು ಇಲ್ಲಿ ಬೀದಿನಾಯಿಗಳನ್ನು ಕೊಲ್ಲಿಸಹೊರಟಾಗ, ನಾಯಿಯನ್ನು ಪವಿತ್ರವೆಂದು ಕಾಣುವ ಪಾರಸಿಗಳು ಕೋಟೆಯ ಅಂಗಡಿಗಳನ್ನು ಮುಚ್ಚಿಸಿ ದಂಗೆ ಎದ್ದರು. ಎರಡು ವರ್ಷದ ಮೇಲೆ, 1834ರಲ್ಲಿ, ಸರ್ ಜಮಶೇಟಜಿ ಜೀಜೀಭಾಯಿಯವರೂ ಮೋತಿಚಂದ ಅಮೀಚಂದರೂ ಸೇರಿ ಇಲ್ಲಿ ಪಾಂಜರಾಪೋಳವನ್ನು ಸ್ಥಾಪಿಸಿದರು. ಇದನ್ನು ನಾವು ಮೆಚ್ಚುವುದು ಏಕೆಂದರೆ, ಅವರು ದಯೆಯನ್ನು ತೋರಿದ್ದಲ್ಲದೆ ಅದರ ಖರ್ಚನ್ನೂ ತಮ್ಮ ಥೈಲಿಯಿಂದಲೇ ಕೊಟ್ಟರು. ಜಾಗ ಕೊಟ್ಟರು, ಮೇವು ಕೊಟ್ಟರು. ಬೇರೆಯವರ ಬಾಗಿಲಲ್ಲಿ ರೊಟ್ಟಿ ಚೆಲ್ಲಿ ಹೋಗಲಿಲ್ಲ.

ನಮ್ಮಲ್ಲಿ ಮೀನು ಮಾಂಸ ತಿನ್ನುವವರಿದ್ದಾರೆ, ತಿನ್ನದವರಿದ್ದಾರೆ. ಈ ಸಭೆಯಲ್ಲಿ ಆ ಪಂಕ್ತಿಭೇದವನ್ನು ಎಬ್ಬಿಸುವ ಉದ್ದೇಶ ನಮಗಿಲ್ಲ. ಆದರೆ ತಿನ್ನದವರು ‘ನಮ್ಮ ಖಾತೆ ಚೊಕ್ಕ’ ಎಂದುಕೊಳ್ಳುವ ಮೊದಲು ತಬೇಲಾದ ಕಡೆಗೆ ಒಮ್ಮೆ ನೋಡುವುದು ಒಳ್ಳೆಯದು. ಎಮ್ಮೆ ಹಾಲು ಕೊಡಬೇಕಾದರೆ ಈಯಬೇಕು. ಹುಟ್ಟಿದ್ದು ಗಂಡುಕರುವಾದರೆ ಅದು ಹಾಲು ಕೊಡದು, ಊರಿನಂತೆ ಇಲ್ಲಿ ನೇಗಿಲಿಗೂ ಬಾರದು. ತಬೇಲಾದ ಲೆಕ್ಕದಲ್ಲಿ ಅದು ಬರಿಯ ಖರ್ಚು. ಆ ಖರ್ಚನ್ನು ಯಾರೂ ಬಹುಕಾಲ ಹೊರುವುದಿಲ್ಲ. ಬೆಳಗಿನ ಚಹಾದ ಬಟ್ಟಲಲ್ಲಿ ಆ ಕರುವಿನ ಪಾಲೂ ಇದೆ. ಚಹಾ ಬಿಡಬೇಕೆಂದು ನಾವು ಹೇಳುತ್ತಿಲ್ಲ, ನಾವೂ ಬಿಟ್ಟಿಲ್ಲ. ಸಾಲ ಇರುವುದನ್ನು ಸಾಲವೆಂದು ಬರೆದಿಡಬೇಕು ಎನ್ನುತ್ತೇವೆ.

ಇನ್ನು, ಮನುಷ್ಯನಿಗಿಂತ ಪ್ರಾಣಿಗೆ ಹೆಚ್ಚಿನ ಮರ್ಯಾದೆ ಸಂದ ಕಥೆಯೂ ಈ ರಾಜ್ಯದಲ್ಲಿಯೇ ಇದೆ. ಅದು ನಗುವ ಕಥೆಯಲ್ಲ. ಮುಂಬಯಿಯಿಂದ ಗೋವೆಯ ದಾರಿಯಲ್ಲಿ ಮಹಾಡ ಎಂಬ ಊರು. ಅಲ್ಲಿನ ಚವದಾರ ಕೆರೆಯಲ್ಲಿ ದನ ನೀರು ಕುಡಿಯಬಹುದಿತ್ತು, ನಾಯಿ ಕುಡಿಯಬಹುದಿತ್ತು. ಅಸ್ಪೃಶ್ಯರೆನಿಸಿದ ಮನುಷ್ಯರು ಮಾತ್ರ ಮುಟ್ಟುವಂತಿರಲಿಲ್ಲ. ಸಾರ್ವಜನಿಕ ಕೆರೆಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ಮುಂಬಯಿಯ ಶಾಸನಸಭೆ 1923ರಲ್ಲಿ ಗೊತ್ತುವಳಿ ಮಾಡಿದ ಮೇಲೂ ಸ್ಥಿತಿ ಹಾಗೆಯೇ ಇದ್ದಿತು. 1927ರ ಮಾರ್ಚ್ 20ರಂದು ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಆ ನೀರನ್ನು ಕೈಯಲ್ಲಿ ಮೊಗೆದು ಕುಡಿದರು. ಆ ಕೆರೆಯ ಒಡೆಯರೆನಿಸಿದವರು ಪ್ರಾಣಿದಯೆ ಇಲ್ಲದವರೇನಲ್ಲ. ಹಸುವಿಗೆ ನೀರು ತಡೆದವರಲ್ಲ. ಆದುದರಿಂದ, ಪ್ರಾಣಿಯನ್ನು ಪ್ರೀತಿಸುವವನು ಮನುಷ್ಯನನ್ನೂ ಪ್ರೀತಿಸಿಯೇ ತೀರುತ್ತಾನೆಂಬ ನಂಬಿಕೆಯನ್ನು ಮಹಾಡದ ದಂಡೆಯಲ್ಲಿ ನಿಂತು ಇನ್ನೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಪ್ರಾಣಿ ಹಕ್ಕು ಕೇಳುವುದಿಲ್ಲ, ಎದುರು ಮಾತಾಡುವುದಿಲ್ಲ. ಅದರ ಮೇಲಿನ ದಯೆ ಸುಲಭ. ಮನುಷ್ಯ ಸಮನಾಗಿ ಎದುರು ನಿಲ್ಲುತ್ತಾನೆ. ಅವನಿಗೆ ಸಲ್ಲುವುದು ದಯೆಯಲ್ಲ, ನ್ಯಾಯ. ಅದು ಕೊಡುವವರಿಗೆ ಭಾರ.

ಕಾಯಿದೆಯ ಪುಸ್ತಕ ತೆರೆದರೆ ಇನ್ನೊಂದು ಸ್ವಾರಸ್ಯ ಕಾಣುತ್ತದೆ. ಶ್ರೀಮತಿ ರುಕ್ಮಿಣೀದೇವಿ ಅರುಂಡೇಲರು 1953ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆಯ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಕಾಯಿದೆ ಬಂದಿತು. ಅದರ ಕೆಳಗೆ 1965ರಲ್ಲಿ ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗಾಗಿ ನಿಯಮಗಳಾದವು. ಎತ್ತನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು. ವಿಶ್ರಾಂತಿ ಕೊಡದೆ ಒಂದೇ ಸಮನೆ 5 ಗಂಟೆ ಮೀರಬಾರದು. ಉಷ್ಣತೆ 37 ಡಿಗ್ರಿ ದಾಟುವ ಕಡೆಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಬಾರದು. ಇದನ್ನು ಓದಿದಾಗ ಈ ಅಂಕಿಗಳನ್ನು ಎಲ್ಲಿಯೋ ಕಂಡಂತಿದೆಯಲ್ಲ ಎನ್ನಿಸಿ ನೆನಪು ಮಾಡಿಕೊಂಡೆವು. 1948ರ ಕಾರ್ಖಾನೆ ಕಾಯಿದೆ ಕೂಲಿಕಾರನಿಗೆ ಬರೆದದ್ದೂ ಅವೇ: ದಿನಕ್ಕೆ 9 ಗಂಟೆ, ಬಿಡುವಿಲ್ಲದೆ 5 ಗಂಟೆ. ಮೈ ದಣಿಯುವ ವಿಷಯದಲ್ಲಿ ಎತ್ತಿಗೂ ಆಳಿಗೂ ಸರಕಾರ ಒಂದೇ ಗಡಿಯಾರ ಹಿಡಿದಿತ್ತು. ನಡುಹಗಲ ಬಿಸಿಲಿನ ನಿಯಮ ಮಾತ್ರ ಎತ್ತಿನ ಪಾಲಿಗೆ ಬಂದಿತು. ಇಷ್ಟು ಡಿಗ್ರಿ ದಾಟಿದರೆ ಆಳನ್ನು ಬಿಸಿಲಿನಿಂದ ಬಿಡಿಸಬೇಕೆಂಬ ಅಂಕಿಯನ್ನು ಆ ಕಾರ್ಖಾನೆ ಕಾಯಿದೆ ಹೇಳಲಿಲ್ಲ. ನಮ್ಮ ವಾಚ್‌ಮನ್‌ನ ಪಾಳಿ 12 ಗಂಟೆ. ಅಂದರೆ 1965ರ ನಿಯಮದ ಪ್ರಕಾರ ಅವನು ಎತ್ತಾಗಿದ್ದರೆ ನಾವು ಅಪರಾಧಿಗಳು.

ಪ್ರಾಣಿಗಳಿಗೆ ಕಾಯಿದೆ ಬಹಳ ಮಾಡಿತೆಂದು ಇದರ ಅರ್ಥವಲ್ಲ. 1960ರ ಕಾಯಿದೆ ಕ್ರೌರ್ಯದ ಮೊದಲ ಅಪರಾಧಕ್ಕೆ ಗೊತ್ತುಮಾಡಿದ ದಂಡ 10 ರೂಪಾಯಿಯಿಂದ 50 ರೂಪಾಯಿ. ಹಲವು ದಶಕ ಅದು ಅಷ್ಟಕ್ಕೇ ನಿಂತಿತ್ತು. ಎತ್ತಿಗೆ ನಿಯಮವಿದೆ, ಹೆದರಿಕೆಯಿಲ್ಲ. ಮನುಷ್ಯನಿಗೆ ಹಕ್ಕಿದೆ, ಕೇಳುವ ಧೈರ್ಯವಿಲ್ಲ. ದುರ್ಬಲರಾದ ಇಬ್ಬರನ್ನು ಎದುರುಬದುರು ನಿಲ್ಲಿಸಿ ‘ನಿಮ್ಮಲ್ಲಿ ಯಾರು ದೊಡ್ಡವರು?’ ಎಂದು ಕೇಳುತ್ತ ನಾವು ಎರಡೂವರೆ ಗಂಟೆ ಕಳೆದೆವು. ಪ್ರಶ್ನೆಯೇ ತಪ್ಪು.

ಹಾಗಾದರೆ ಸರಿಯಾದ ಪ್ರಶ್ನೆ ಯಾವುದು? ವಿರಾರ್ ಲೋಕಲಿನಲ್ಲಿ ಓಡಾಡುವ ನಾವು ನಾಲಾಸೋಪಾರದ ಹೆಸರನ್ನು ಕೇಳದ ದಿನವಿಲ್ಲ. ಅದೇ ಹಿಂದಿನ ಶೂರ್ಪಾರಕ ಬಂದರು. ಅಲ್ಲಿ 1882ರಲ್ಲಿ ಅಶೋಕನ ಎಂಟನೆಯ ಬಂಡೆಶಾಸನದ ತುಣುಕು ಸಿಕ್ಕಿತು. ನಮ್ಮ ನಾಡು ಒಂದಾದ 1956ರಲ್ಲಿಯೇ ಒಂಬತ್ತನೆಯ ಶಾಸನದ ತುಣುಕೂ ಸಿಕ್ಕಿತು. ಈ ಒಂಬತ್ತನೆಯ ಶಾಸನದ ಪೂರ್ಣ ಪಾಠ ಬೇರೆ ಕಡೆ ಉಳಿದಿದೆ. ಜನರು ಕಾಯಿಲೆಗೆ, ಮದುವೆಗೆ, ಪ್ರಯಾಣಕ್ಕೆ ಎಂದು ನಾನಾ ಶಾಸ್ತ್ರಾಚಾರಗಳನ್ನು ಮಾಡುತ್ತಾರೆ, ಅವುಗಳ ಫಲ ಅಲ್ಪ. ನಿಜವಾದ ಆಚಾರ ಧರ್ಮದ ನಡತೆಯೇ ಎಂಬುದು ಅದರ ಅಭಿಪ್ರಾಯ. ಆ ನಡತೆಯಲ್ಲಿ ಮೊದಲು ಎಣಿಸಿರುವುದು ಆಳುಕಾಳುಗಳನ್ನು ಸರಿಯಾಗಿ ನಡೆಸಿಕೊಳ್ಳುವುದು. ಗುರುಹಿರಿಯರಲ್ಲಿ ಗೌರವ, ಪ್ರಾಣಿಗಳ ವಿಷಯದಲ್ಲಿ ಸಂಯಮ, ಶ್ರಮಣ ಬ್ರಾಹ್ಮಣರಿಗೆ ದಾನ, ಇವು ಅದರ ಜೊತೆಗೇ ಬರುತ್ತವೆ. ಗಮನಿಸಬೇಕು: ಆಳೂ ಪ್ರಾಣಿಯೂ ಒಂದೇ ಪಟ್ಟಿಯಲ್ಲಿ ಇದ್ದಾರೆ. ಅವರಿಬ್ಬರೂ ಒಂದೇ ಎಂದಲ್ಲ. ಇಬ್ಬರೂ ನಮ್ಮ ಕೈಕೆಳಗೆ ಇರುವವರು ಎಂದು. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ನಮ್ಮ ಲೋಕಲಿನ ದಾರಿಯಲ್ಲಿಯೇ ಕೆತ್ತಿಸಿಟ್ಟ ಮಾತು ಇದು.

ಆದುದರಿಂದ ಕೇಳಬೇಕಾದದ್ದು ‘ಯಾರು ದೊಡ್ಡವರು’ ಎಂದಲ್ಲ, ‘ಯಾರು ನಮ್ಮ ಕೈಯಲ್ಲಿ ಇದ್ದಾರೆ’ ಎಂದು. ಮಗುವೂ ನಾಯಿಯೂ ನೀರಿಗೆ ಬಿದ್ದರೆ ಮೊದಲು ಮಗುವನ್ನೇ ಎತ್ತುತ್ತೇವೆ, ಇದರಲ್ಲಿ ವಾದವಿಲ್ಲ. ಮನುಷ್ಯನಿಗೂ ಪ್ರಾಣಿಗೂ ಬೇಕಾದದ್ದು ಬೇರೆ ಬೇರೆ. ಕೊಡುವುದೂ ಬೇರೆ ಬೇರೆಯೇ ಇರಬೇಕು. ನಾಯಿಗೆ ಮತದಾನ ಬೇಡ, ಸಂಬಳದ ಚೀಟಿ ಬೇಡ; ಹೊಟ್ಟೆಗೆ ಕೂಳು, ರೋಗಕ್ಕೆ ಲಸಿಕೆ, ಬೆನ್ನಿಗೆ ಕಲ್ಲು ಬೀಳದಿರುವುದು ಬೇಕು. ವಾಚ್‌ಮನ್‌ಗೆ ಇವಿಷ್ಟೇ ಸಾಲವು. ಕೂಲಿ ಬೇಕು, ಮಾನ ಬೇಕು, ಸಭೆಯಲ್ಲಿ ಕುರ್ಚಿ ಬೇಕು. ಭೇದ ಇರುವುದು ತಪ್ಪಲ್ಲ. ಅವರವರ ಅಗತ್ಯ ನೋಡಿ ಮಾಡಿದ ಭೇದ ನ್ಯಾಯ. ನಮ್ಮ ಅನುಕೂಲ ನೋಡಿ ಮಾಡಿದ ಭೇದ ಅನ್ಯಾಯ. ಮನುಷ್ಯ ಪ್ರಾಣಿಗಿಂತ ಹೆಚ್ಚಿನವನು ಎಂಬುದು ನಿಜವಾದರೆ, ಆ ಹೆಚ್ಚಳ ಇರುವುದು ಅವನ ಹೊಣೆಯಲ್ಲಿ. ಎತ್ತು ರೈತನ ಋಣವನ್ನು ತೀರಿಸಬೇಕಾಗಿಲ್ಲ. ರೈತ ಎತ್ತಿನ ಋಣವನ್ನು ತೀರಿಸಬೇಕು.

ನಮ್ಮ ಕಥೆಯ ಕೊನೆಯನ್ನು ಹೇಳಿ ಮುಗಿಸುತ್ತೇವೆ. ಮುಂದಿನ ಸಭೆಗೆ ನಾಲ್ಕು ಸೂಚನೆಗಳನ್ನು ಬರೆದುಕೊಂಡು ಹೋದೆವು. ಒಂದು, ಮುರಿದ ಸಂಬಳವನ್ನು ಮರಳಿ ಕೊಡತಕ್ಕದ್ದು. ಕೆಲಸದ ಮೇಲಿದ್ದಾಗ ಆದ ಗಾಯಕ್ಕೆ ಇನ್ನು ಮುಂದೆ ಸಂಬಳ ಮುರಿಯತಕ್ಕದ್ದಲ್ಲ. ಎರಡು, ಮೂರೂ ನಾಯಿಗಳಿಗೆ ಸಂತಾನಹರಣ, ಲಸಿಕೆಗಳನ್ನು ಮಾಡಿಸುವ ಖರ್ಚು ಸೊಸೈಟಿಯದು. ಮೂರು, ನಾಯಿಗಳಿಗೆ ಅನ್ನ ಹಾಕುವವರು ಗೇಟಿನಿಂದ ದೂರ ಗೊತ್ತಾದ ಜಾಗದಲ್ಲಿ ಹಾಕಿ ಆ ಜಾಗವನ್ನು ತಾವೇ ತೊಳೆಯತಕ್ಕದ್ದು; ವಾಚ್‌ಮನ್‌ನಿಂದ ತೊಳೆಯಿಸತಕ್ಕದ್ದಲ್ಲ. ನಾಲ್ಕು, 12 ಗಂಟೆಯ ಪಾಳಿಯನ್ನು 8 ಗಂಟೆಗೆ ಇಳಿಸತಕ್ಕದ್ದು. ಆ ದಿನ ವಾಚ್‌ಮನ್‌ನನ್ನೂ ಸಭೆಗೆ ಕರೆದು ಕೂರಿಸಿದ್ದೆವು. ನಾಯಿಗಳನ್ನು ಒಯ್ಯಿಸಬೇಕೇ ಎಂದು ಕೇಳಿದಾಗ ಅವನು, “ಯಾಕ್ರಿ? ರಾತ್ರಿ ನನ್ನ ಜೋಡಿ ಎಚ್ಚರಿರಾವು ಅವೇ” ಎಂದ.

ಮೊದಲ ಮೂರು ಸೂಚನೆಗಳು ಅಂಗೀಕಾರವಾದವು. ನಾಲ್ಕನೆಯದಕ್ಕೆ ಇನ್ನೊಬ್ಬ ಆಳನ್ನು ನೇಮಿಸಬೇಕಾಗುತ್ತದೆ, ಮನೆಗೆ ಇಷ್ಟಿಷ್ಟು ವಂತಿಗೆ ಏರುತ್ತದೆ ಎಂದು ತಿಳಿದೊಡನೆ ನಾಯಿಯ ಪಕ್ಷದವರೂ ನಾಯಿಯ ವಿರುದ್ಧ ಪಕ್ಷದವರೂ ಮೊಟ್ಟಮೊದಲ ಬಾರಿಗೆ ಒಂದಾದರು. ಆ ಸೂಚನೆಯನ್ನು ಮುಂದಿನ ಸಭೆಗೆ ಹಾಕಲಾಯಿತು. ಅದು ಇನ್ನೂ ಮುಂದಿನ ಸಭೆಯಲ್ಲೇ ಇದೆ. ನಾವೂ ಅದನ್ನು ಬಿಟ್ಟಿಲ್ಲ. ಪ್ರತಿ ಸಭೆಯ ಕಾರ್ಯಸೂಚಿಯಲ್ಲಿ ಬರೆಯುತ್ತಲೇ ಇದ್ದೇವೆ.

ರಾಜ್ಯೋತ್ಸವದ ಸಂದರ್ಭದಲ್ಲಿ ನಾಡಿನ ಶಿಲ್ಪ, ಸಾಹಿತ್ಯ, ಸಂಗೀತಗಳ ಹಿರಿಮೆಯನ್ನು ನೆನೆಯುವುದು ನಮ್ಮ ವಾಡಿಕೆ. ಅದು ಆಗಲಿ. ಅದರ ಜೊತೆಗೆ ನಮ್ಮ ರೈತನ ಆ ಒಂದು ಕಟ್ಟಳೆಯನ್ನೂ ಈ ಊರಿಗೆ ತಂದುಕೊಳ್ಳೋಣ ಎಂಬುದು ನಮ್ಮ ಬಿನ್ನಹ: ಗಾಯವಾದ ದಿನ ಹೂಡಬಾರದು, ಮೇವು ತಪ್ಪಿಸಬಾರದು. ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಕೆಲಸದಾಕೆ ಇದ್ದಾಳೆ, ಅಂಗಡಿಯಲ್ಲಿ ಹುಡುಗ ಇದ್ದಾನೆ, ಗೇಟಿನಲ್ಲಿ ಕಾವಲಿನವನಿದ್ದಾನೆ, ಅವನ ಕಾಲ ಬಳಿ ಒಂದು ನಾಯಿ ಇದೆ. ಆ ಕಟ್ಟಳೆ ಇವರೆಲ್ಲರಿಗೂ ಸಾಲುತ್ತದೆ.